ಫೆಲಿಕ್ಸ್ ಕುಲೋವ್: ಜೈಲಿನಿಂದ ಬಂದು ಪ್ರಧಾನಿಯಾದ ಕಿರ್ಗಿಜ್ ನಾಯಕನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಿರ್ಗಿಸ್ತಾನ ಅಂದರೆ ನಮ್ಮಲ್ಲಿ ಜಾಸ್ತಿ ಜನಕ್ಕೆ ನೆನಪಾಗುವುದು ಎಂಬಿಬಿಎಸ್ ಸೀಟು. ಕರ್ನಾಟಕದ ಹುಡುಗ ಹುಡುಗಿಯರೂ ಬಿಷ್ಕೆಕ್‌ಗೆ ಹೋಗಿ ಓದುತ್ತಿದ್ದಾರೆ. 2024ರ ಮೇ ತಿಂಗಳಲ್ಲಿ ಅಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳ ಮೇಲೆ ಗುಂಪು ದಾಳಿ ನಡೆದಾಗ ಇಲ್ಲಿನ ಅಪ್ಪ ಅಮ್ಮಂದಿರು ರಾತ್ರಿಯೆಲ್ಲ ಫೋನ್ ಹಿಡಿದು ಕೂತಿದ್ದರು. ಆ ದೇಶ ನಡೆಯುವ ರೀತಿ ಎಂಥದು ಅಂತ ಕೇಳುವವರು ಆಮೇಲೆ ಹೆಚ್ಚಾದರು. ಅದನ್ನು ತಿಳಿಯಲು ನನಗೆ ಸುಲಭ ಅನಿಸುವ ದಾರಿ ಒಂದೇ ಮನುಷ್ಯನ ಕಥೆ ಹೇಳುವುದು. ಅವರೇ ಫೆಲಿಕ್ಸ್ ಕುಲೋವ್.

ಯಾರು ಈ ಕುಲೋವ್? ಒಂದೇ ಉಸಿರಿನಲ್ಲಿ ಹೇಳಿ.

ಪೊಲೀಸ್ ಅಧಿಕಾರಿ, ಗೃಹ ಸಚಿವ, ಉಪಾಧ್ಯಕ್ಷ, ಗವರ್ನರ್, ರಾಷ್ಟ್ರೀಯ ಭದ್ರತಾ ಸಚಿವ, ರಾಜಧಾನಿಯ ಮೇಯರ್, ವಿರೋಧ ಪಕ್ಷದ ನಾಯಕ, ಕೈದಿ, ಪ್ರಧಾನಿ, ಮತ್ತೆ ವಿರೋಧಿ, ಸಣ್ಣ ವಿದ್ಯುತ್ ಯೋಜನೆಗಳ ಸಂಸ್ಥೆಯ ಮುಖ್ಯಸ್ಥ, ಕೊನೆಗೆ ಸಂಸದ. ಇದಿಷ್ಟೂ ಒಬ್ಬರೇ. ಆಗದೇ ಉಳಿದ ಹುದ್ದೆ ಒಂದೇ, ಅಧ್ಯಕ್ಷರದು.

ಹುಟ್ಟಿದ್ದು ಎಲ್ಲಿ? ಹೆಸರು ಕಿರ್ಗಿಜ್ ಹೆಸರಿನ ಥರ ಇಲ್ಲವಲ್ಲ?

1948ರ ಅಕ್ಟೋಬರ್ 29ರಂದು ಫ್ರುಂಜೆಯಲ್ಲಿ ಹುಟ್ಟಿದರು. ಈಗಿನ ಬಿಷ್ಕೆಕ್‌ಗೆ ಸೋವಿಯತ್ ಕಾಲದಲ್ಲಿ ಇದ್ದ ಹೆಸರು ಅದು. ಪೂರ್ತಿ ಹೆಸರು ಫೆಲಿಕ್ಸ್ ಶಾರ್ಶೆನ್‌ಬಾಯೆವಿಚ್ ಕುಲೋವ್. ನಡುವಿನದು ತಂದೆಯ ಹೆಸರಿಗೆ ರಷ್ಯನ್ ಬಾಲ ಸೇರಿಸಿದ್ದು, ಕೊನೆಯದು ಮನೆತನದ್ದು. ಫೆಲಿಕ್ಸ್ ಅನ್ನುವುದು ಸೋವಿಯತ್ ನಾಡಿನಲ್ಲಿ ಚಾಲ್ತಿಯಲ್ಲಿದ್ದ ಹೆಸರು. ಸೋವಿಯತ್ ಗುಪ್ತ ಪೊಲೀಸ್ ಪಡೆ ಕಟ್ಟಿದ ಫೆಲಿಕ್ಸ್ ಜೆರ್ಜಿನ್‌ಸ್ಕಿಯಿಂದಾಗಿ ಆ ಹೆಸರಿಗೆ ಒಂದು ಗತ್ತು ಬಂದಿತ್ತು. ಬಿಷ್ಕೆಕ್‌ನ ನಡುವಿನ ಮರಗಳ ಸಾಲಿನ ದೊಡ್ಡ ರಸ್ತೆಗೂ ಮೊದಲು ಜೆರ್ಜಿನ್‌ಸ್ಕಿಯ ಹೆಸರೇ ಇತ್ತು. ಈಗ ಅದು ಎರ್ಕಿಂದಿಕ್, ಅಂದರೆ ಸ್ವಾತಂತ್ರ್ಯ. ನಮ್ಮ ಫೆಲಿಕ್ಸ್ ಕೂಡ ಮುಂದೆ ಗುಪ್ತಚರ ಇಲಾಖೆಯ ಸಚಿವರಾದರು. ಕಾಕತಾಳೀಯ ಅಷ್ಟೆ.

ರಾಜಕೀಯಕ್ಕೆ ಬಂದದ್ದು ಹೇಗೆ?

ಪೊಲೀಸ್ ಕೆಲಸದಿಂದ. ಓಮ್ಸ್ಕ್‌ನ ಪೊಲೀಸ್ ಶಾಲೆಯಲ್ಲಿ, ಆಮೇಲೆ ಮಾಸ್ಕೋದ ಗೃಹ ಸಚಿವಾಲಯದ ಅಕಾಡೆಮಿಯಲ್ಲಿ ಓದಿದರು. 1990ರಲ್ಲಿ ದಕ್ಷಿಣದ ಓಶ್ ಕಡೆ ಕಿರ್ಗಿಜರಿಗೂ ಉಜ್ಬೆಕರಿಗೂ ಗಲಭೆ ಆಯಿತು. ರಾಜಧಾನಿಯಲ್ಲೂ ತುರ್ತು ಪರಿಸ್ಥಿತಿ ಹಾಕಿದಾಗ ನಗರದ ಹೊಣೆ ಕುಲೋವ್ ಹೆಗಲಿಗೆ ಬಿತ್ತು. ಜನ ಅವರ ಹೆಸರು ಕೇಳಿದ್ದು ಆಗ. 1991ರಲ್ಲಿ ಗೃಹ ಸಚಿವರಾದರು.

ಅದೇ ವರ್ಷ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ಗೋರ್ಬಚೆವ್ ವಿರುದ್ಧ ದಂಗೆ ಎದ್ದಿತು. ಮಧ್ಯ ಏಷ್ಯಾದ ಸೋವಿಯತ್ ಗಣರಾಜ್ಯಗಳ ನಾಯಕರು ಗಾಳಿ ಯಾವ ಕಡೆ ಬೀಸುತ್ತದೆ ಅಂತ ನೋಡುತ್ತ ಕೂತಿದ್ದರು. ಕಿರ್ಗಿಸ್ತಾನದ ಅಧ್ಯಕ್ಷ ಅಸ್ಕರ್ ಅಕಾಯೆವ್ ಮಾತ್ರ ದಂಗೆಕೋರರ ವಿರುದ್ಧ ಬಾಯಿಬಿಟ್ಟು ಮಾತಾಡಿದರು. ಅಕಾಯೆವ್ ಭೌತವಿಜ್ಞಾನಿ. ಅವರ ಬೆನ್ನಿಗೆ ಪೊಲೀಸ್ ಬಲ ತಂದು ನಿಲ್ಲಿಸಿದವರು ಕುಲೋವ್. ವಿಜ್ಞಾನಿಗೆ ಪೊಲೀಸ್ ಜೊತೆಯಾದ. ಮುಂದಿನ ಎಂಟು ವರ್ಷ ಈ ಜೋಡಿ ಸುಮಾರಾಗಿ ಹೊಂದಿಕೊಂಡೇ ಹೋಯಿತು.

ಉಪಾಧ್ಯಕ್ಷ ಹುದ್ದೆ ಬಿಟ್ಟದ್ದು ಯಾಕೆ?

ಚಿನ್ನದ ಗಲಾಟೆಯಿಂದ. 1992ರ ಫೆಬ್ರವರಿಯಲ್ಲಿ ಉಪಾಧ್ಯಕ್ಷರಾದ ಕುಲೋವ್ 1993ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಹೊಸ ದೇಶ, ಖಜಾನೆ ಖಾಲಿ, ಬೆಟ್ಟದಲ್ಲಿ ಕುಮ್ತೋರ್ ಎಂಬ ದೊಡ್ಡ ಚಿನ್ನದ ಗಣಿ. ಗಣಿ ಒಪ್ಪಂದದ ಬಗ್ಗೆ, ದೇಶದ ಚಿನ್ನ ಹೊರಗೆ ಹೋದದ್ದರ ಬಗ್ಗೆ ಸಂಸತ್ತಿನಲ್ಲಿ ಭಾರಿ ಗದ್ದಲ ಎದ್ದಿತು. ಆಗಿನ ಪ್ರಧಾನಿ ತುರ್ಸುನ್‌ಬೆಕ್ ಚಿಂಗಿಶೆವ್ ಸರ್ಕಾರವೂ ಅದೇ ಹೊತ್ತಿಗೆ ಬಿತ್ತು.

ರಾಜೀನಾಮೆ ಕೊಟ್ಟರೂ ಕುಲೋವ್ ಮನೆಗೆ ಹೋಗಲಿಲ್ಲ. ಬಿಷ್ಕೆಕ್ ಸುತ್ತಲಿನ ಚೂಯ್ ಪ್ರಾಂತ್ಯದ ಗವರ್ನರ್ ಆದರು. 1997ರಲ್ಲಿ ರಾಷ್ಟ್ರೀಯ ಭದ್ರತಾ ಸಚಿವ, 1998ರಲ್ಲಿ ಬಿಷ್ಕೆಕ್ ಮೇಯರ್. ಅಲ್ಲಿ ದೊಡ್ಡ ಅಧಿಕಾರಿ ಹುದ್ದೆ ಕಳೆದುಕೊಂಡರೆ ಎರಡೇ ದಾರಿ, ಇನ್ನೊಂದು ಹುದ್ದೆ ಅಥವಾ ಕೇಸು. ಕುಲೋವ್‌ಗೆ ಮೊದಲು ಸಿಕ್ಕಿದ್ದು ಇನ್ನೊಂದು ಹುದ್ದೆ.

ಅಧ್ಯಕ್ಷರ ಜತೆ ಕೆಟ್ಟದ್ದು ಯಾವಾಗ?

1999ರ ಏಪ್ರಿಲ್‌ನಲ್ಲಿ. ಮೇಯರ್ ಹುದ್ದೆ ಬಿಟ್ಟು ಬಹಿರಂಗ ಪತ್ರ ಬರೆದರು. ಅಕಾಯೆವ್ ಆಡಳಿತ ಪ್ರಜಾಪ್ರಭುತ್ವದ ದಾರಿ ಬಿಟ್ಟಿದೆ ಅನ್ನುವುದು ಅವರ ದೂರು. ಜುಲೈನಲ್ಲಿ ಹೊಸ ಪಕ್ಷ ಕಟ್ಟಿದರು. ಹೆಸರು ಅರ್-ನಮಿಸ್.

ಈ ಹೆಸರನ್ನು ಹೆಚ್ಚಿನವರು ‘ಘನತೆ’ ಅಂತ ಮಾತ್ರ ಅನುವಾದಿಸುತ್ತಾರೆ. ಕನ್ನಡದಲ್ಲಿ ಇದಕ್ಕಿಂತ ಸರಿಯಾದ ಮಾತು ಇದೆ. ಅರ್ ಅಂದರೂ ಮಾನವೇ, ನಮಿಸ್ ಅಂದರೂ ಮಾನವೇ. ಎರಡೂ ಸೇರಿದರೆ ನಮ್ಮ ‘ಮಾನ ಮರ್ಯಾದೆ’. ‘ಮಾನ ಮರ್ಯಾದೆ ಪಕ್ಷ’ ಅಂದುಕೊಳ್ಳಿ, ಅರ್ಥದ ಜತೆ ಅದರಲ್ಲಿರುವ ಸಿಟ್ಟೂ ತಿಳಿಯುತ್ತದೆ.

ಪಕ್ಷ ಕಟ್ಟಿದ ಕೂಡಲೇ ಜೈಲಿಗೆ ಹಾಕಿದರಾ?

ಮೊದಲು ಚುನಾವಣೆಯಲ್ಲಿ ಆಟ ನಡೆಯಿತು. 2000ದ ಸಂಸತ್ ಚುನಾವಣೆಗೆ ನಿಲ್ಲಬೇಕಾದರೆ ಪಕ್ಷ ಒಂದು ವರ್ಷ ಮೊದಲೇ ನೋಂದಣಿ ಆಗಿರಬೇಕು ಎಂಬ ನಿಯಮ ಇತ್ತು. ಅರ್-ನಮಿಸ್‌ಗೆ ಇನ್ನೂ ವರ್ಷ ತುಂಬಿರಲಿಲ್ಲ. ಕುಲೋವ್ ಸ್ವಂತ ಬಲದ ಮೇಲೆ ವಾಯವ್ಯದ ತಲಾಸ್ ಪ್ರಾಂತ್ಯದ ಕಾರಾ-ಬೂರಾ ಕ್ಷೇತ್ರದಿಂದ ನಿಂತರು. ಮೊದಲ ಸುತ್ತಿನಲ್ಲಿ ಮುಂದಿದ್ದರು. ಮಾರ್ಚ್ 12ರ ಎರಡನೇ ಸುತ್ತಿನಲ್ಲಿ ಸೋತರು ಎಂಬ ಘೋಷಣೆ ಬಂತು. ಬೆಂಬಲಿಗರು ಬೀದಿಗಿಳಿದರು. ಹತ್ತು ದಿನ ಕಳೆದು, ಮಾರ್ಚ್ 22ಕ್ಕೆ, ಕುಲೋವ್ ಬಂಧನ.

ಭದ್ರತಾ ಸಚಿವರಾಗಿದ್ದಾಗ ಅಧಿಕಾರ ದುರುಪಯೋಗ ಮಾಡಿದರು ಅನ್ನುವುದು ಆರೋಪ. ಆಗಸ್ಟ್‌ನಲ್ಲಿ ಮಿಲಿಟರಿ ಕೋರ್ಟ್ ಖುಲಾಸೆ ಮಾಡಿತು. ಅಲ್ಲಿಗೆ ಮುಗಿಯಲಿಲ್ಲ. ಅದೇ ಕೇಸನ್ನು ಮತ್ತೆ ತೆರೆದರು, 2001ರ ಜನವರಿಯಲ್ಲಿ 7 ವರ್ಷ ಶಿಕ್ಷೆ ಆಯಿತು. 2002ರ ಮೇನಲ್ಲಿ ಹಣ ದುರುಪಯೋಗದ ಇನ್ನೊಂದು ಕೇಸಿನಲ್ಲಿ 10 ವರ್ಷ. ಹಾಗೆ ನೋಡಿದರೆ 2005ರ ಅಧ್ಯಕ್ಷ ಚುನಾವಣೆ ಮುಗಿಯುವವರೆಗೂ ಅವರು ಹೊರಗೆ ಬರುವ ಹಾಗೇ ಇರಲಿಲ್ಲ. ರಾಜಕೀಯ ಕಾರಣಕ್ಕೆ ಹಾಕಿದ ಕೇಸುಗಳು ಇವು ಅಂತ ವಿರೋಧಿಗಳೂ ಮಾನವ ಹಕ್ಕು ಸಂಘಟನೆಗಳೂ ಹೇಳುತ್ತ ಬಂದವು. ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ನನಗೂ ಹಾಗೇ ಅನಿಸುತ್ತದೆ.

ಭಾಷಾ ಪರೀಕ್ಷೆಯ ಕಥೆ ಏನು? ಕಿರ್ಗಿಜ್ ನಾಯಕನಿಗೆ ಕಿರ್ಗಿಜ್ ಬರುತ್ತಿರಲಿಲ್ಲವಾ?

ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ ಭಾಗ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಧ್ಯಕ್ಷರಾಗುವವರಿಗೆ ರಾಜ್ಯಭಾಷೆ ಚೆನ್ನಾಗಿ ಬರಬೇಕು ಎಂದು ಸಂವಿಧಾನದಲ್ಲಿ ಇತ್ತು. ‘ಚೆನ್ನಾಗಿ’ ಅಂದರೆ ಎಷ್ಟು ಅಂತ ಯಾರೂ ಅಳೆದಿರಲಿಲ್ಲ. 2000ದ ಚುನಾವಣೆಗೆ ಮುಂಚೆ ಅದನ್ನು ಅಳೆಯಲು ಒಂದು ಭಾಷಾ ಆಯೋಗ ಬಂತು. ಅಭ್ಯರ್ಥಿ ಆಯೋಗದ ಮುಂದೆ ಕೂತು ಬರೆಯಬೇಕು, ಓದಬೇಕು, ಮಾತಾಡಬೇಕು. ದೇಶ ಆಳಲು ಹೊರಟವರು ಶಾಲೆ ಹುಡುಗರ ಹಾಗೆ ಕಾಪಿ ಬರೆಯಬೇಕು.

ಕುಲೋವ್ ರಾಜಧಾನಿಯಲ್ಲಿ ಹುಟ್ಟಿ, ರಷ್ಯನ್‌ನಲ್ಲಿ ಓದಿ, ರಷ್ಯನ್‌ನಲ್ಲೇ ಕೆಲಸ ಮಾಡಿದವರು. ಸೋವಿಯತ್ ಕಾಲದ ಫ್ರುಂಜೆಯಲ್ಲಿ ಆಫೀಸು, ಕೋರ್ಟು, ಕಾಲೇಜು ಎಲ್ಲವೂ ರಷ್ಯನ್. ಹಳ್ಳಿಯಿಂದ ಬಂದವರ ಕಿರ್ಗಿಜ್ ಸರಾಗ, ನಗರದವರದ್ದು ತಡವರಿಕೆ. ಇದು ಅವರೊಬ್ಬರ ಕಥೆ ಅಲ್ಲ, ಒಂದು ತಲೆಮಾರಿನ ಕಥೆ. ಈ ಪರೀಕ್ಷೆಯೇ ಕಾನೂನುಬಾಹಿರ, ನಾನು ಬರೆಯುವುದಿಲ್ಲ ಅಂತ ಕುಲೋವ್ ಹೇಳಿಬಿಟ್ಟರು. ಬರೆಯದವರಿಗೆ ಸ್ಪರ್ಧೆ ಇಲ್ಲ.

ಒಂದು ಮಾತು ಸೇರಿಸಬೇಕು. ನಾಡಿನ ಭಾಷೆ ಬಾರದವರು ನಾಡು ಆಳಬೇಕಾ ಅನ್ನುವ ಪ್ರಶ್ನೆ ತಪ್ಪಲ್ಲ. ಕನ್ನಡಿಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಭಾಷೆಯ ಹೆಸರಿನಲ್ಲಿ ಎದುರಾಳಿಯನ್ನು ಕಣದಿಂದ ಎತ್ತಿ ಹೊರಗಿಡುವುದೂ ಒಂದು ಕಲೆ. ಈ ಸಲ ನಡೆದದ್ದು ಅದೇ ಅಂತ ನನ್ನ ಲೆಕ್ಕ.

ಹಾಗಾದರೆ ಆ ಚುನಾವಣೆಯಲ್ಲಿ ಅವರು ಏನು ಮಾಡಿದರು?

ಇನ್ನೊಬ್ಬ ವಿರೋಧಿ ನಾಯಕ ಒಮುರ್‌ಬೆಕ್ ತೆಕೆಬಾಯೆವ್ ಜತೆ ಸೇರಿದರು. ಗೆದ್ದರೆ ತೆಕೆಬಾಯೆವ್ ಅಧ್ಯಕ್ಷ, ಕುಲೋವ್ ಪ್ರಧಾನಿ. ಮತದಾನ 2000ದ ಅಕ್ಟೋಬರ್ 29ಕ್ಕೆ, ಕುಲೋವ್ ಅವರ 52ನೇ ಹುಟ್ಟುಹಬ್ಬದ ದಿನ. ಅಕಾಯೆವ್ ಭಾರಿ ಅಂತರದಿಂದ ಗೆದ್ದರು ಅಂತ ಘೋಷಣೆ ಆಯಿತು. ಮೂರು ತಿಂಗಳೊಳಗೆ ಕುಲೋವ್ ಜೈಲಿನಲ್ಲಿದ್ದರು.

2005ರಲ್ಲಿ ಹೊರಗೆ ಬಂದದ್ದು ಹೇಗೆ? ಜೈಲು ಒಡೆದು ಬಂದರಾ?

ಒಡೆಯುವ ಪ್ರಮೇಯ ಬರಲಿಲ್ಲ. ಕಾಯುತ್ತಿದ್ದ ಸರ್ಕಾರವೇ ಮಾಯವಾಯಿತು.

2005ರ ಫೆಬ್ರವರಿ, ಮಾರ್ಚ್‌ನಲ್ಲಿ ಸಂಸತ್ ಚುನಾವಣೆ ನಡೆಯಿತು. ವಂಚನೆ ಆಗಿದೆ ಅಂತ ದಕ್ಷಿಣದ ಜಲಾಲಾಬಾದ್, ಓಶ್ ಊರುಗಳಲ್ಲಿ ಜನ ಸರ್ಕಾರಿ ಕಟ್ಟಡ ಹಿಡಿದರು. ಮಾರ್ಚ್ 24ಕ್ಕೆ ಜನ ಬಿಷ್ಕೆಕ್‌ನ ಅಲಾ-ತೋ ಚೌಕದ ಹತ್ತಿರ ಇರುವ ‘ಬಿಳಿಮನೆ’ಗೆ, ಅಂದರೆ ಅಧ್ಯಕ್ಷರ ಕಚೇರಿಗೆ, ನುಗ್ಗಿದರು. ಅಕಾಯೆವ್ ದೇಶ ಬಿಟ್ಟು ಹೋದರು, ಕೊನೆಗೆ ಮಾಸ್ಕೋ ಸೇರಿದರು. ಟ್ಯುಲಿಪ್ ಕ್ರಾಂತಿ ಅಂತ ಹೆಸರಾದದ್ದು ಇದೇ.

ಅದೇ ದಿನ ಬೆಂಬಲಿಗರು ಕುಲೋವ್ ಅವರನ್ನು ಜೈಲಿನಿಂದ ಕರೆತಂದರು. ಆ ಸಂಜೆ ಬಿಷ್ಕೆಕ್‌ನಲ್ಲಿ ಪೊಲೀಸರೇ ಕಾಣುತ್ತಿರಲಿಲ್ಲ. ಅಂಗಡಿಗಳ ಗಾಜು ಒಡೆದಿತ್ತು. ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಜನ ಓಡುತ್ತಿದ್ದರು. ಸೂಪರ್‌ಮಾರ್ಕೆಟ್‌ಗಳು ರಾತ್ರೋರಾತ್ರಿ ಖಾಲಿಯಾದವು. ಇಂಥ ಹೊತ್ತಿನಲ್ಲಿ ಪೊಲೀಸರು ಯಾರ ಮಾತು ಕೇಳುತ್ತಾರೆ? ಹಳೆಯ ಗೃಹ ಸಚಿವನ ಮಾತು. ಬೆಳಿಗ್ಗೆ ಕೈದಿ, ರಾತ್ರಿ ಇಡೀ ದೇಶದ ಭದ್ರತೆಯ ಉಸ್ತುವಾರಿ. ಪೊಲೀಸರನ್ನು ಮತ್ತೆ ಬೀದಿಗೆ ತಂದರು, ಸ್ವಯಂಸೇವಕರ ಗಸ್ತು ತಂಡಗಳೂ ಹುಟ್ಟಿಕೊಂಡವು. ಒಂದೆರಡು ದಿನದಲ್ಲಿ ನಗರ ತಹಬಂದಿಗೆ ಬಂತು.

ವಾರ ಕಳೆಯುವುದರೊಳಗೆ ಆ ಹೊಣೆ ಬಿಟ್ಟುಕೊಟ್ಟರು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹಳೆಯ ಶಿಕ್ಷೆಗಳನ್ನು ರದ್ದು ಮಾಡಿತು. ಶಿಕ್ಷೆ ಕೊಟ್ಟದ್ದೂ ಅದೇ ದೇಶದ ಕೋರ್ಟುಗಳೇ, ನೆನಪಿರಲಿ. ನಡುವೆ ಬದಲಾಗಿದ್ದು ಬಿಳಿಮನೆಯಲ್ಲಿ ಕೂತವರು.

ಅಷ್ಟು ಜನಪ್ರಿಯ ಆಗಿದ್ದರೆ ಅವರೇ ಅಧ್ಯಕ್ಷರಾಗಬಹುದಿತ್ತಲ್ಲ?

ಆಗಬಹುದಿತ್ತು. ಏಪ್ರಿಲ್ ಕೊನೆಯ ಹೊತ್ತಿಗೆ ಕುಲೋವ್ ಮತ್ತು ಹಂಗಾಮಿ ಅಧ್ಯಕ್ಷ ಕುರ್ಮಾನ್‌ಬೆಕ್ ಬಕಿಯೆವ್ ಇಬ್ಬರೂ ಕಣದಲ್ಲಿ ಇರುವವರೇ ಎಂಬಂತೆ ಕಾಣುತ್ತಿತ್ತು. ತೊಂದರೆ ಏನೆಂದರೆ ಕಿರ್ಗಿಸ್ತಾನ ಬೆಟ್ಟಸಾಲಿನಿಂದ ಎರಡು ಹೋಳಾದ ದೇಶ. ಉತ್ತರದಲ್ಲಿ ಬಿಷ್ಕೆಕ್, ರಷ್ಯನ್ ಮಾತು, ಕಾರ್ಖಾನೆಗಳು. ದಕ್ಷಿಣದಲ್ಲಿ ಓಶ್, ಜಲಾಲಾಬಾದ್, ಫರ್ಗಾನಾ ಕಣಿವೆಯ ಹೊಲಗಳು, ಉಜ್ಬೆಕ್ ನೆರೆಹೊರೆ. ಕುಲೋವ್ ಉತ್ತರದವರು, ಬಕಿಯೆವ್ ಜಲಾಲಾಬಾದ್ ಕಡೆಯವರು. ಇಬ್ಬರೂ ನಿಂತಿದ್ದರೆ ದೇಶ ಮತದಾನಕ್ಕೆ ಮೊದಲೇ ಎರಡಾಗುವ ಭಯ ಇತ್ತು.

ಮೇ ತಿಂಗಳಲ್ಲಿ ಒಪ್ಪಂದ ಆಯಿತು. ಬಕಿಯೆವ್ ಅಧ್ಯಕ್ಷ, ಕುಲೋವ್ ಪ್ರಧಾನಿ. ಪತ್ರಿಕೆಗಳು ಇದನ್ನು ‘ಟ್ಯಾಂಡೆಮ್’ ಅಂದವು. ಇಬ್ಬರು ತುಳಿಯುವ ಒಂದೇ ಸೈಕಲ್ ಗೊತ್ತಲ್ಲ, ಅದು. ಹೆಸರು ಚೆನ್ನಾಗಿಯೇ ಹೊಂದುತ್ತಿತ್ತು. ಆ ಸೈಕಲ್‌ನಲ್ಲಿ ಇಬ್ಬರೂ ತುಳಿಯುತ್ತಾರೆ, ಹ್ಯಾಂಡಲ್ ತಿರುಗಿಸುವವರು ಮುಂದೆ ಕೂತವರು ಮಾತ್ರ. ಜುಲೈ 10ರ ಚುನಾವಣೆಯಲ್ಲಿ ಬಕಿಯೆವ್‌ಗೆ ಸುಮಾರು 89 ಶೇಕಡಾ ಮತ ಬಂತು.

ಕುಲೋವ್ ಆಗ ಹಿಂದಿನ ಸೀಟು ಒಪ್ಪಿಕೊಂಡದ್ದು ದೇಶದ ಒಳ್ಳೆಯದಕ್ಕೆ ಅಂತ ಹಲವರು ಇಂದಿಗೂ ಹೇಳುತ್ತಾರೆ. ಇರಬಹುದು. 2000ದಲ್ಲೂ ಅವರು ಅದನ್ನೇ ಮಾಡಿದ್ದರು ಅನ್ನುವುದನ್ನು ಮರೆಯಬೇಡಿ. ಎರಡನೇ ಕುರ್ಚಿ ಅವರಿಗೆ ಪರಿಚಯದ ಜಾಗ.

ಪ್ರಧಾನಿಯಾಗಿ ಎಷ್ಟು ದಿನ ಇದ್ದರು?

2005ರ ಆಗಸ್ಟ್ ಮಧ್ಯದಿಂದ ಹಂಗಾಮಿ. ಸೆಪ್ಟೆಂಬರ್ 1ಕ್ಕೆ ಸಂಸತ್ತು ಒಪ್ಪಿತು. 2006ರ ಡಿಸೆಂಬರ್ 19ಕ್ಕೆ ಸರ್ಕಾರ ರಾಜೀನಾಮೆ ಕೊಟ್ಟಿತು. 2007ರ ಜನವರಿ ಕೊನೆಯವರೆಗೆ ಮತ್ತೆ ಹಂಗಾಮಿ. ಒಟ್ಟು ಒಂದೂವರೆ ವರ್ಷಕ್ಕೆ ಸ್ವಲ್ಪ ಕಡಿಮೆ.

ಆ ಅವಧಿಯಲ್ಲಿ ಏನು ಸಾಧಿಸಿದರು?

ಸಾಧನೆಗಿಂತ ಬೆಂಕಿ ಆರಿಸುವ ಕೆಲಸವೇ ಜಾಸ್ತಿ ಆಯಿತು. ಅಧಿಕಾರಕ್ಕೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ, 2005ರ ಅಕ್ಟೋಬರ್ 20ಕ್ಕೆ ಬಿಷ್ಕೆಕ್ ಹತ್ತಿರದ ಜೈಲಿನಲ್ಲಿ ದಂಗೆ ಎದ್ದಿತು. ಮಾತುಕತೆಗೆ ಹೋದ ಸಂಸದ ತಿನಿಚ್‌ಬೆಕ್ ಅಕ್ಮತ್‌ಬಾಯೆವ್ ಅಲ್ಲೇ ಕೊಲೆಯಾದರು. ಅವರ ಅಣ್ಣ ರಿಸ್ಪೆಕ್ ಅಕ್ಮತ್‌ಬಾಯೆವ್ ಭೂಗತ ಲೋಕದಲ್ಲಿ ಹೆಸರಾದ ವ್ಯಕ್ತಿ. ಈ ಕೊಲೆಗೆ ಕುಲೋವ್ ಹೊಣೆ, ಅವರು ಇಳಿಯಬೇಕು ಅಂತ ರಿಸ್ಪೆಕ್ ಕಡೆಯವರು ರಾಜಧಾನಿಯ ಚೌಕದಲ್ಲಿ ಗುಡಾರ ಹಾಕಿ ಕೂತರು. ಕುಲೋವ್ ಆರೋಪ ತಳ್ಳಿಹಾಕಿದರು.

ಯೋಚಿಸಿ ನೋಡಿ. ವರ್ಷಗಟ್ಟಲೆ ಜೈಲಿನಲ್ಲಿದ್ದು ಬಂದವರು ಪ್ರಧಾನಿ. ಅವರನ್ನು ಇಳಿಸಲು ಬಂದ ಜನ ಸಂಸತ್ತಿನ ಎದುರಿಗೇ ಗುಡಾರದಲ್ಲಿ. ಅಧ್ಯಕ್ಷರು ಆ ಗುಂಪಿನ ಜತೆ ಮಾತುಕತೆಗೆ ಇಳಿದರು. ಹ್ಯಾಂಡಲ್ ಹಿಡಿದವರು ಹಿಂದೆ ಕೂತವರ ಪರ ಗಟ್ಟಿಯಾಗಿ ನಿಲ್ಲಲಿಲ್ಲ ಅನ್ನುವ ಅಸಮಾಧಾನ ಕುಲೋವ್ ಪಾಳಯದಲ್ಲಿ ಆಗಲೇ ಮೊಳೆಯಿತು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ರಿಸ್ಪೆಕ್ ತಮ್ಮನ ಕ್ಷೇತ್ರದಿಂದ ಉಪಚುನಾವಣೆ ಗೆದ್ದರು. ಮೇ 10ಕ್ಕೆ ಅವರೂ ಗುಂಡಿಗೆ ಬಲಿಯಾದರು.

ಪ್ರಧಾನಿ ಹುದ್ದೆ ಕೈತಪ್ಪಿದ್ದು ಯಾಕೆ?

2006ರ ನವೆಂಬರ್‌ನಲ್ಲಿ ಮತ್ತೆ ಜನ ಬೀದಿಗೆ ಬಂದರು. ಅಧ್ಯಕ್ಷರ ಅಧಿಕಾರ ಕಡಿಮೆ ಮಾಡಿ ಅನ್ನುವುದು ಬೇಡಿಕೆ. ಬಕಿಯೆವ್ ಮಣಿದು ಹೊಸ ಸಂವಿಧಾನಕ್ಕೆ ಸಹಿ ಹಾಕಿದರು. ಈ ಗದ್ದಲದಲ್ಲಿ ಕುಲೋವ್ ಬಕಿಯೆವ್ ಪಕ್ಕದಲ್ಲೇ ನಿಂತರು. ಡಿಸೆಂಬರ್‌ನಲ್ಲಿ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಹಿಂದೆಯೇ, ವರ್ಷ ಮುಗಿಯುವ ಹೊತ್ತಿಗೆ, ಸಂವಿಧಾನವನ್ನು ಮತ್ತೆ ತಿದ್ದಿ ಕಳೆದುಕೊಂಡ ಅಧಿಕಾರವನ್ನು ಬಕಿಯೆವ್ ವಾಪಸ್ ಪಡೆದರು.

ಆಮೇಲೆ ಬಕಿಯೆವ್ ಮಾತು ಕೊಟ್ಟಂತೆ ಕುಲೋವ್ ಹೆಸರನ್ನೇ ಸಂಸತ್ತಿಗೆ ಕಳಿಸಿದರು. 2007ರ ಜನವರಿಯಲ್ಲಿ ಎರಡು ಸಲ ಮತಕ್ಕೆ ಹಾಕಿದರು, ಎರಡು ಸಲವೂ ಬಿದ್ದುಹೋಯಿತು. 75 ಜನರ ಸಂಸತ್ತಿನಲ್ಲಿ 38 ಮತ ಕೂಡಲಿಲ್ಲ. ಮೂರನೇ ಸಲ ಬಕಿಯೆವ್ ಬೇರೆ ಹೆಸರು ಕಳಿಸಿದರು. ಕೃಷಿ ಸಚಿವರಾಗಿದ್ದ ಅಜೀಮ್ ಇಸಾಬೆಕೊವ್ ಪ್ರಧಾನಿಯಾದರು.

ಅಧ್ಯಕ್ಷರಿಗೆ ನಿಜವಾಗಿ ಬೇಕಾಗಿದ್ದರೆ ಮತ ಕೂಡುತ್ತಿರಲಿಲ್ಲವೇ? ಈ ಪ್ರಶ್ನೆಯನ್ನು ಬಿಷ್ಕೆಕ್‌ನ ಪತ್ರಕರ್ತರು ಆಗಲೇ ಕೇಳಿದ್ದರು. ಕೈ ಕೊಟ್ಟರು ಅಂತ ಬಾಯಿಬಿಟ್ಟು ಹೇಳದೆ ಕೈ ಕೊಡಲು ಸಂಸತ್ತು ಒಳ್ಳೆಯ ನೆಪ.

ಆಮೇಲೆ ಬಕಿಯೆವ್ ವಿರುದ್ಧ ತಿರುಗಿಬಿದ್ದರಾ?

ತಿಂಗಳೊಳಗೆ. ಫೆಬ್ರವರಿಯಲ್ಲಿ ವಿರೋಧ ಪಕ್ಷಗಳ ಹೊಸ ಒಕ್ಕೂಟದ ಮುಂದಾಳಾದರು. ಏಪ್ರಿಲ್ 11ರಿಂದ ಬಿಷ್ಕೆಕ್‌ನಲ್ಲಿ ದೊಡ್ಡ ಧರಣಿ ಶುರುವಾಯಿತು. ಚೌಕದಲ್ಲಿ ಗುಡಾರ, ಯುರ್ತ್ ಎಂಬ ಗುಂಡನೆಯ ಕಂಬಳಿ ಮನೆಗಳು. ಅದಕ್ಕೆ ಮುನ್ನ ಇಸಾಬೆಕೊವ್ ಇಳಿದು ಇನ್ನೊಬ್ಬ ವಿರೋಧಿ ನಾಯಕ ಅಲ್ಮಾಜ್‌ಬೆಕ್ ಅತಂಬಾಯೆವ್ ಪ್ರಧಾನಿಯಾಗಿದ್ದರು, ಹಾಗಾಗಿ ವಿರೋಧಿಗಳಲ್ಲೇ ಬಿರುಕು. ಏಪ್ರಿಲ್ 19ಕ್ಕೆ ಪೊಲೀಸರು ಅಶ್ರುವಾಯು ಹಾರಿಸಿ ಎಲ್ಲರನ್ನೂ ಚದುರಿಸಿದರು. ಕುಲೋವ್ ಮೇಲೆ ಮತ್ತೆ ಕೇಸು, ಮತ್ತೆ ವಿಚಾರಣೆ.

ಎರಡು ವರ್ಷದ ಹಿಂದೆ ಇದೇ ನಗರದ ಬೀದಿಗಳಿಗೆ ಪೊಲೀಸರನ್ನು ವಾಪಸ್ ಕರೆತಂದವರು ಇವರೇ.

ರಷ್ಯಾ ಜತೆ ಕಿರ್ಗಿಸ್ತಾನವನ್ನು ಸೇರಿಸಬೇಕು ಅಂದಿದ್ದು ನಿಜವೇ?

2007ರಲ್ಲಿ ರಷ್ಯಾ ಜತೆ ಒಂದು ರೀತಿಯ ಒಕ್ಕೂಟ ಆಗಬೇಕು, ಅದಕ್ಕೆ ಜನಮತ ಕೇಳಬೇಕು ಅಂದದ್ದು ನಿಜ. ವಿಲೀನ ಅಂದಿರಲಿಲ್ಲ. ಲಕ್ಷಗಟ್ಟಲೆ ಕಿರ್ಗಿಜರು ರಷ್ಯಾದಲ್ಲಿ ದುಡಿದು ಮನೆಗೆ ಹಣ ಕಳಿಸುವಾಗ ಈ ಮಾತಿಗೆ ಕಿವಿಗೊಡುವವರೂ ಇದ್ದರು. ಮುಂದೆ ಹೋಗಲಿಲ್ಲ.

ಪ್ರಧಾನಿಯಾಗಿದ್ದವರು ವಿದ್ಯುತ್ ಇಲಾಖೆಗೆ ಹೋದದ್ದು ಹೇಗೆ?

2007ರ ಡಿಸೆಂಬರ್ ಚುನಾವಣೆಯಲ್ಲಿ ಅರ್-ನಮಿಸ್‌ಗೆ ಒಂದೂ ಸೀಟು ಬರಲಿಲ್ಲ. 2008ರ ಮೇನಲ್ಲಿ ಬಕಿಯೆವ್ ಅವರೇ ಕುಲೋವ್‌ಗೆ ಕೆಲಸ ಕೊಟ್ಟರು, ಸಣ್ಣ ಮತ್ತು ಮಧ್ಯಮ ವಿದ್ಯುತ್ ಯೋಜನೆಗಳ ನಿರ್ದೇಶನಾಲಯದ ಮುಖ್ಯಸ್ಥ. ಬೆಟ್ಟದ ಹೊಳೆಗಳಿಗೆ ಪುಟ್ಟ ಜಲವಿದ್ಯುತ್ ಘಟಕ ಕಟ್ಟಿಸುವ ಕೆಲಸ. ಆ ವರ್ಷ ತೊಕ್ತೊಗುಲ್ ಜಲಾಶಯದ ನೀರು ತಳ ಕಂಡಿತ್ತು, ಗಂಟೆಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ. ಹಾಗಾಗಿ ಕೆಲಸ ಬೇಕಾದದ್ದೇ.

ಬೆಂಬಲಿಗರಿಗೆ ಮಾತ್ರ ಇದನ್ನು ನುಂಗಿಕೊಳ್ಳಲು ಆಗಲಿಲ್ಲ. ಅಶ್ರುವಾಯು ಕುಡಿದವರು ನಾವು, ಕುರ್ಚಿ ಹಿಡಿದವರು ನೀವು ಎಂಬ ಸಿಟ್ಟು. ನನ್ನ ಅಭಿಪ್ರಾಯ ಕೇಳಿದರೆ, ಕುಲೋವ್ ಹೆಸರು ಹೆಚ್ಚು ಸವೆದದ್ದು ಜೈಲಿನಲ್ಲಿ ಅಲ್ಲ, ಈ ಆಫೀಸಿನಲ್ಲಿ.

2010ರ ಕ್ರಾಂತಿಯಲ್ಲಿ ಅವರ ಪಾತ್ರ ಏನು?

ಮುಂಚೂಣಿಯಲ್ಲಿ ಇರಲಿಲ್ಲ. ಆ ವರ್ಷ ಏಪ್ರಿಲ್ 7ಕ್ಕೆ ಬಿಷ್ಕೆಕ್‌ನಲ್ಲಿ ಗೋಲಿಬಾರ್ ಆಯಿತು, 80ಕ್ಕೂ ಹೆಚ್ಚು ಜನ ಸತ್ತರು. ಬಕಿಯೆವ್ ಓಡಿಹೋಗಿ ಬೆಲಾರುಸ್ ಸೇರಿದರು. ರೋಜಾ ಒತುನ್‌ಬಾಯೆವಾ ಮಧ್ಯಂತರ ಸರ್ಕಾರ ನಡೆಸಿದರು. ಜೂನ್‌ನಲ್ಲಿ ಓಶ್ ಕಡೆ ಮತ್ತೆ ಕಿರ್ಗಿಜ್-ಉಜ್ಬೆಕ್ ಹಿಂಸಾಚಾರ ಆಗಿ 400ಕ್ಕೂ ಹೆಚ್ಚು ಜೀವ ಹೋಯಿತು.

ಇದೆಲ್ಲ ನಡೆದ ಮೇಲೆ ಕುಲೋವ್‌ಗೆ ಹಳೆಯ ಬೆಲೆ ಮರಳಿತು. ಕಾನೂನು, ಶಿಸ್ತು ತರುವ ಪೊಲೀಸ್ ಜನರಲ್ ಬೇಕು ಎಂಬ ಮನಸ್ಥಿತಿ ಜನರಲ್ಲಿತ್ತು. ಅಕ್ಟೋಬರ್ 10ರ ಚುನಾವಣೆಯಲ್ಲಿ 120ರಲ್ಲಿ 25 ಸೀಟು ಅರ್-ನಮಿಸ್‌ಗೆ, ಮೂರನೇ ಸ್ಥಾನ. ಮೊದಲ ಪಕ್ಷಕ್ಕೆ 28, ಎರಡನೆಯದಕ್ಕೆ 26. ಎಷ್ಟು ಹತ್ತಿರ ಅಂತ ನೋಡಿ. ಆದರೂ ಪ್ರಧಾನಿ ಆದದ್ದು 26 ಸೀಟಿನ ಅತಂಬಾಯೆವ್. ಮುಂದಿನ ವರ್ಷ ಅವರೇ ಅಧ್ಯಕ್ಷರೂ ಆದರು. ಅರ್-ನಮಿಸ್ ಆಮೇಲೆ ಸಮ್ಮಿಶ್ರ ಸರ್ಕಾರದ ಪಾಲುದಾರ ಆಯಿತು. 2015ರ ಚುನಾವಣೆಯಲ್ಲಿ ಗೆದ್ದ ಆರು ಪಕ್ಷಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ.

ಕಿರ್ಗಿಸ್ತಾನದಲ್ಲಿ ಪ್ರಧಾನಿ ಅಂದರೆ ನಮ್ಮ ಪ್ರಧಾನಿ ಇದ್ದ ಹಾಗೆಯೇ?

ಹೆಸರು ಒಂದೇ, ತೂಕ ಬೇರೆ. ನಮ್ಮಲ್ಲಿ ಲೋಕಸಭೆಯ ಬಹುಮತ ಪ್ರಧಾನಿಯ ಬೆನ್ನಿಗಿರುತ್ತದೆ, ರಾಷ್ಟ್ರಪತಿ ಸಹಿ ಹಾಕುತ್ತಾರೆ. ಕುಲೋವ್ ಕಾಲದ ಕಿರ್ಗಿಸ್ತಾನದಲ್ಲಿ ಹೆಸರು ಸೂಚಿಸುವವರು ಅಧ್ಯಕ್ಷರು, ಒಪ್ಪುವುದು ಜೊಗೊರ್ಕು ಕೆನೆಶ್ ಎಂಬ ಸಂಸತ್ತು. ಪೊಲೀಸ್, ಸೈನ್ಯ, ಗುಪ್ತಚರ, ವಿದೇಶಾಂಗ ಅಧ್ಯಕ್ಷರ ಕೈಯಲ್ಲೇ. ಪ್ರಧಾನಿಗೆ ಉಳಿಯುವುದು ಬೆಲೆ ಏರಿಕೆ, ಕರೆಂಟ್ ಕಡಿತ, ಪಿಂಚಣಿ, ಚಳಿಗಾಲದ ಕಲ್ಲಿದ್ದಲು. ಜನ ರೊಚ್ಚಿಗೆದ್ದರೆ ಮೊದಲು ತಳ್ಳುವುದೂ ಅವರನ್ನೇ. ಹಾಗಾಗಿ ಪ್ರಧಾನಿಗಳು ಬಂದು ಹೋಗುವ ವೇಗ ನೋಡಿದರೆ ಲೆಕ್ಕ ತಪ್ಪುತ್ತದೆ. 2007 ಒಂದೇ ವರ್ಷದಲ್ಲಿ ಕುಲೋವ್, ಇಸಾಬೆಕೊವ್, ಅತಂಬಾಯೆವ್ ಮೂವರೂ ಇಳಿದರು.

ಜೈಲಿನಿಂದ ನೇರ ಅಧಿಕಾರಕ್ಕೆ ಬಂದವರು ಇವರೊಬ್ಬರೇನಾ?

ಇಲ್ಲ. 2020ರ ಅಕ್ಟೋಬರ್‌ನಲ್ಲಿ ಮತ್ತೆ ಚುನಾವಣೆ ಗಲಾಟೆ, ಮತ್ತೆ ಬಿಳಿಮನೆಗೆ ನುಗ್ಗಿದ ಜನ. ಆ ರಾತ್ರಿ ಜೈಲಿನಿಂದ ಹೊರಬಂದ ಸದಿರ್ ಜಪಾರೊವ್ ಎರಡು ವಾರದೊಳಗೆ ಪ್ರಧಾನಿಯೂ ಆದರು, ಹಂಗಾಮಿ ಅಧ್ಯಕ್ಷರೂ ಆದರು. 2021ರ ಜನವರಿಯಲ್ಲಿ ಚುನಾವಣೆ ಗೆದ್ದು ಪೂರ್ತಿ ಅಧ್ಯಕ್ಷರು. ಅದೇ ಗಲಾಟೆಯಲ್ಲಿ ಹೊರಬಂದ ಮಾಜಿ ಅಧ್ಯಕ್ಷ ಅತಂಬಾಯೆವ್ ಕೆಲವೇ ದಿನದಲ್ಲಿ ಮತ್ತೆ ಒಳಗೆ.

ಕುಲೋವ್‌ಗೂ ಜಪಾರೊವ್‌ಗೂ ಇರುವ ವ್ಯತ್ಯಾಸ ಇಷ್ಟೇ. ಜಪಾರೊವ್ ಯಾರ ಜತೆಗೂ ಸೈಕಲ್ ಹಂಚಿಕೊಳ್ಳಲಿಲ್ಲ.

ಈಗಲೂ ಅಲ್ಲಿ ಪ್ರಧಾನಿ ಇದ್ದಾರಾ?

ಆ ಹೆಸರಿನ ಹುದ್ದೆ ಇಲ್ಲ. 2021ರ ಸಂವಿಧಾನದ ಪ್ರಕಾರ ‘ಮಂತ್ರಿಮಂಡಲದ ಅಧ್ಯಕ್ಷ’ ಇರುತ್ತಾರೆ, ಅವರೇ ಅಧ್ಯಕ್ಷರ ಕಚೇರಿಯ ಮುಖ್ಯಸ್ಥರೂ ಹೌದು. ಬಿಡಿಸಿ ಹೇಳಿದರೆ ಅಧ್ಯಕ್ಷರ ಮುಖ್ಯ ಮ್ಯಾನೇಜರ್. 2021ರಿಂದ 2024ರ ಡಿಸೆಂಬರ್‌ವರೆಗೆ ಅಕಿಲ್‌ಬೆಕ್ ಜಪಾರೊವ್ ಇದ್ದರು, ಅವರನ್ನು ತೆಗೆದ ಮೇಲೆ ಅದಿಲ್‌ಬೆಕ್ ಕಸಿಮಲಿಯೆವ್ ಬಂದರು.

ಇಬ್ಬರು ಜಪಾರೊವ್‌ಗಳು ಅಣ್ಣ ತಮ್ಮಂದಿರಾ?

ಸಂಬಂಧವೇ ಇಲ್ಲ. ಕಿರ್ಗಿಜ್ ಸುದ್ದಿ ಓದುವಾಗ ಎಲ್ಲರೂ ಮುಗ್ಗರಿಸುವ ಜಾಗ ಇದು. ಮನೆತನದ ಹೆಸರುಗಳು ನಮ್ಮ ಪಾಟೀಲ, ಗೌಡ ಇದ್ದ ಹಾಗೆ ಊರಿಗೊಬ್ಬರು ಸಿಗುತ್ತಾರೆ. ಜತೆಗೆ ಅರ್ಧ ಜನರ ಹೆಸರು ‘ಬೆಕ್’ ಅಂತ ಮುಗಿಯುತ್ತದೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಮೊದಲ ಹೆಸರು ಹಿಡಿದುಕೊಳ್ಳಿ. ಆ ಲೆಕ್ಕದಲ್ಲಿ ಕುಲೋವ್ ಓದುಗರಿಗೆ ಉಪಕಾರ ಮಾಡಿದ್ದಾರೆ. ಇವರೆಲ್ಲರ ನಡುವೆ ಫೆಲಿಕ್ಸ್ ಒಬ್ಬರೇ.